ಎರಡು ಸಲ ಸಣ್ಣದಾದ ಕೋಟು

ಬೀದಿಯವರೆಲ್ಲ ಅವರನ್ನು ಕಣ್ಣಳತೆ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಅಂಗಡಿಯ ಫಲಕದ ಮೇಲೆ ಬೇರೆ ಹೆಸರಿತ್ತು, ಆದರೆ ಫಲಕ ಓದಿಕೊಂಡು ದರ್ಜಿಯ ಹತ್ತಿರ ಹೋಗುವವರು ಯಾರು? ಕೋಟು ಹೊಲಿಸಬೇಕು ಎಂದರೆ 'ಕಣ್ಣಳತೆ ಹತ್ರ ಕೊಡಿ' ಅನ್ನುವುದು ವಾಡಿಕೆಯಾಗಿತ್ತು. ಗಿರಾಕಿ ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಕೊಡೆ ಮಡಿಸಿ ಮೂಲೆಗಿಡುವಷ್ಟರಲ್ಲಿ ಮಾಸ್ಟರ್ ಕಣ್ಣು ಅವನ ಎದೆ, ಸೊಂಟ, ತೋಳಿನ ಉದ್ದ ಎಲ್ಲವನ್ನೂ ತೆಗೆದುಕೊಂಡು ಮುಗಿಸಿರುತ್ತಿತ್ತು. ಟೇಪು ಹಿಡಿಯುತ್ತಿದ್ದದ್ದು ಗಿರಾಕಿಯ ಸಮಾಧಾನಕ್ಕೆ. ಟೇಪು ಹಿಡಿಯದೆ ಬಟ್ಟೆ ಇಸಿದುಕೊಂಡರೆ ಯಾವ ಗಿರಾಕಿ ತಾನೇ ನೆಮ್ಮದಿಯಾಗಿ ಮನೆಗೆ ಹೋಗುತ್ತಾನೆ?

ಟೇಪು ಸುಳ್ಳು ಹೇಳುವುದಿಲ್ಲ ಎನ್ನುವವರು ಗಂಡಸರ ಅಳತೆ ತೆಗೆದವರಲ್ಲ. ಟೇಪು ಸೊಂಟದ ಹತ್ತಿರ ಬಂದ ಕೂಡಲೇ ಗಂಡಸಾದವನು ಉಸಿರೆಳೆದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಳ್ಳುತ್ತಾನೆ. ಎದುರು ಸಾಲಿನ ಔಷಧಿ ಅಂಗಡಿಯವನಂತೂ ಆ ಹೊತ್ತಿನಲ್ಲಿ ಕೇಳಿದ್ದಕ್ಕೂ ಉತ್ತರ ಕೊಡುತ್ತಿರಲಿಲ್ಲ, ಬಾಯಿ ಬಿಟ್ಟರೆ ಹೊಟ್ಟೆ ಹೊರಗೆ ಬಂದೀತೆಂಬ ಭಯ. ಮಾಸ್ಟರ್ ಮೂವತ್ತಾರು ಎಂದು ಕೂಗುತ್ತಿದ್ದರು, ಅಂಗಡಿಯಲ್ಲೇ ಹೊಲಿಗೆ ಮಾಡುವ ಅವರ ತಂಗಿ ಅಳತೆ ಪುಸ್ತಕದಲ್ಲಿ ಮೂವತ್ತಾರು ಎಂದು ಬರೆದುಕೊಳ್ಳುತ್ತಿದ್ದಳು, ಮರುದಿನ ಕತ್ತರಿ ಮಾತ್ರ ಮೂವತ್ತೆಂಟೂವರೆಗೆ ಹೋಗಿ ನಿಲ್ಲುತ್ತಿತ್ತು. ಪ್ಯಾಂಟು ನಿಂತರೂ ಸರಿ, ಕೂತರೂ ಸರಿ. ಔಷಧಿ ಅಂಗಡಿಯವನು ಇವತ್ತಿಗೂ ತನ್ನದು ಮೂವತ್ತಾರರ ಸೊಂಟ ಎಂದು ನಂಬಿದ್ದಾನೆ. ನಂಬಿಕೊಂಡಿರಲಿ, ಯಾರಿಗೇನು ನಷ್ಟ.

ಎರಡೂವರೆ ಇಂಚು ಹೆಚ್ಚು ಬಿಟ್ಟಿದ್ದೇಕೆ ಎಂದು ಕೇಳಿದರೆ ಮಾಸ್ಟರ್ ಏನೆಂದಾರು? ಲೆಕ್ಕ ಹಾಕಿ ಬಿಟ್ಟದ್ದಲ್ಲವಲ್ಲ. "ಕೈ ಅಲ್ಲಿಗೆ ಹೋಯ್ತು" ಅನ್ನುತ್ತಿದ್ದರು. ಹೆಚ್ಚು ಒತ್ತಾಯ ಮಾಡಿದರೆ ಸಿಡುಕುತ್ತಿದ್ದರು.

ಕೆಲಸ ಕಲಿಸಿದ್ದು ಅಪ್ಪ. ಮೊದಲ ಎರಡು ವರ್ಷ ಆತ ಮಗನ ಕೈಗೆ ಕತ್ತರಿಯನ್ನೇ ಕೊಡಲಿಲ್ಲ. ಬಾಗಿಲ ಬಳಿ ಸ್ಟೂಲು ಹಾಕಿ ಕೂರಿಸಿ, ಬೀದಿಯಲ್ಲಿ ಹೋಗುವವರನ್ನು ನೋಡು ಎಂದ. ಯಾರ ಭುಜ ಯಾವ ಕಡೆ ವಾಲಿದೆ, ಯಾರು ಬಲಗೈಯಲ್ಲಿ ಚೀಲ ಹೊತ್ತು ಹೊತ್ತು ಒಂದು ಪಕ್ಕ ಇಳಿದಿದ್ದಾರೆ, ಯಾರಿಗೆ ಹೊಸದಾಗಿ ಹೊಟ್ಟೆ ಬಂದಿದೆ, ಎಲ್ಲ ಹೇಳಬೇಕು. ತಪ್ಪಿದರೆ ಬೈಗುಳ, ಸರಿಯಾದರೆ ಮೌನ. ಮೌನವೇ ಬಹುಮಾನ ಎಂದು ತಿಳಿದುಕೊಳ್ಳಲು ಮಗನಿಗೆ ಬಹಳ ದಿನ ಹಿಡಿಯಿತು.

ಅಪ್ಪನದು ಇನ್ನೊಂದು ನಿಯಮವಿತ್ತು. ಮನೆಯವರಿಗೆ ಟೇಪು ಹಿಡಿಯಬಾರದು. "ಟೇಪು ಇರೋದು ಗುರುತು ಪರಿಚಯ ಇಲ್ಲದೋರಿಗೆ ಕಣೋ" ಅನ್ನುತ್ತಿದ್ದ. "ದಿನಾ ಕಣ್ಣೆದುರಿಗೆ ಇರೋ ತಂಗಿಗೆ ಟೇಪು ಹಿಡಿದೆ ಅಂದ್ರೆ, ನೀನು ಇಷ್ಟು ದಿನ ಅವಳನ್ನ ನೋಡೇ ಇಲ್ಲ ಅಂತ ಅರ್ಥ." ಆ ಮನೆಯಲ್ಲಿ ಯಾರ ಅಳತೆಯೂ ಪುಸ್ತಕದಲ್ಲಿರಲಿಲ್ಲ.

ಇಂಥ ಅಪ್ಪ ಕೊನೆಗೆ ಏನಾದ ಎನ್ನುವುದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅರವತ್ತರ ಹೊಸ್ತಿಲಲ್ಲಿ ಒಂದು ದಿನ ಆತ ಒಂದು ಕೋಟಿಗೆ ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿಟ್ಟ. ಎಲ್ಲರೂ ನಕ್ಕರು, ಆತನೂ ನಕ್ಕ. ತಿಂಗಳು ಕಳೆದ ಮೇಲೆ ಇನ್ನೊಂದು ಕೋಟಿಗೆ ಮೂರು ತೋಳು ಬಂತು, ಆಗ ಯಾರೂ ನಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮೇಜಿನ ಮುಂದೆ ನಿಂತು, ಇದು ಯಾರ ಅಂಗಡಿ ಎಂದು ಕೇಳಿದ. ಅಪ್ಪನ ಬೆರಳುಗಳಿಂದ ಕತ್ತರಿ ಬಿಡಿಸಿಕೊಂಡವರು ಮಾಸ್ಟರೇ. ಆ ಕೆಲಸವನ್ನು ಬೇರೆ ಯಾರಿಗೂ ಬಿಡಬಾರದು ಎನ್ನಿಸಿ ತಾವೇ ಮಾಡಿದ್ದರು. ಆಮೇಲಿನ ಆರು ವರ್ಷ ಅಪ್ಪ ಮಹಡಿಯ ಕೋಣೆಯಲ್ಲಿ ಕೂತು, ಖಾಲಿ ಎರಡು ಬೆರಳುಗಳಲ್ಲಿ ಗಾಳಿಯನ್ನು ಕತ್ತರಿಸುತ್ತಿದ್ದ. ತಂಗಿ ಊಟ ತಿನ್ನಿಸುತ್ತಿದ್ದಳು.

ತಂಗಿ ಮಾಸ್ಟರ್‌ಗಿಂತ ಒಂಬತ್ತು ವರ್ಷ ಚಿಕ್ಕವಳು. ಮದುವೆಯಾಗಿ ಹೋದವಳು ಎರಡು ವರ್ಷಕ್ಕೆ ಒಂದು ಪೆಟ್ಟಿಗೆ ಹಿಡಿದುಕೊಂಡು ವಾಪಸು ಬಂದು, ಕಿಟಕಿಯ ಕೆಳಗಿನ ಹೊಲಿಗೆ ಮಿಷನ್ ಮುಂದೆ ಕೂತಳು. ಯಾಕೆ ಬಂದೆ ಎಂದು ಅಣ್ಣ ಕೇಳಲಿಲ್ಲ. ಮಡಿಸಿಟ್ಟಿದ್ದ ಒಂದು ಪ್ಯಾಂಟು ಎತ್ತಿ ಕೊಟ್ಟು, "ಅಂಚು ಹಾಕು" ಎಂದರು. ಇಪ್ಪತ್ತಾರು ವರ್ಷದಿಂದ ಅವಳು ಅಲ್ಲೇ ಕೂತಿದ್ದಾಳೆ. ಅಣ್ಣ ಕತ್ತರಿಸಿದ್ದನ್ನು ತಂಗಿ ಹೊಲಿದರೆ, ಹಿಂದಿನ ಪರದೆಯ ಆಚೆ ಮಾಸ್ಟರ್ ಹೆಂಡತಿ ಕಾಜಾ ಹಾಕಿ, ಗುಂಡಿ ಕೂರಿಸಿ, ಇಸ್ತ್ರಿ ಮಾಡುತ್ತಾಳೆ. ಅತ್ತಿಗೆ ನಾದಿನಿ ದಿನಕ್ಕೆ ಒಂದು ಜಗಳವನ್ನಾದರೂ ಆಡುತ್ತಾರೆ. ಆಡದ ದಿನ ಮಾಸ್ಟರ್‌ಗೆ ದಿಗಿಲಾಗುತ್ತದೆ.

ವರ್ಷಕ್ಕೊಮ್ಮೆ, ಶಾಲೆಯ ಸಮವಸ್ತ್ರಗಳ ಗದ್ದಲ ಮುಗಿದ ವಾರ, ಮಾಸ್ಟರ್ ಮೂವರಿಗೂ ಬೂದು ಬಣ್ಣದ ಹೊಸ ಕೆಲಸದ ಕೋಟು ಕತ್ತರಿಸುತ್ತಿದ್ದರು. ಮೊಣಕಾಲಿನವರೆಗೆ ಬರುವ, ಮುಂದೆ ಐದು ಗುಂಡಿ, ಎರಡು ದೊಡ್ಡ ಜೇಬು, ಬೆನ್ನ ಹಿಂದೆ ಕಟ್ಟಿಕೊಳ್ಳುವ ಪಟ್ಟಿ ಇರುವ ಕೋಟು. ದಾರದ ಎಳೆ, ಸೀಮೆಸುಣ್ಣದ ಪುಡಿ ಎಲ್ಲ ಅದರ ಮೇಲೆಯೇ ಬೀಳಬೇಕು. ಅಂದು ಮಾಸ್ಟರ್‌ಗೆ ಒಂದು ಬಗೆಯ ಪ್ರದರ್ಶನದ ದಿನ. ಟೇಪಿಲ್ಲದೆ, ಸೀಮೆಸುಣ್ಣದ ಗೆರೆ ಕೂಡ ಇಲ್ಲದೆ, ಒಂದೇ ಉಸಿರಿಗೆ ಕತ್ತರಿಸಿ, ಕೊನೆಗೆ ಹಳೆಯ ಕೋಟನ್ನು ಅದರ ಮೇಲೆ ಹಾಸಿ ತೋರಿಸುತ್ತಿದ್ದರು. ಹೊಲಿಗೆಗೆ ಬಿಡುವ ಅಂಚು ಕಳೆದರೆ ಕೂದಲೆಳೆಯಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ಆಗ ಅವರ ಮುಖ ನೋಡಬೇಕು. ಐವತ್ತೆಂಟರ ಮನುಷ್ಯ ಬಹುಮಾನ ಗೆದ್ದ ಹುಡುಗನಾಗುತ್ತಿದ್ದರು.

ಆ ವರ್ಷ ಹೆಂಡತಿಯ ಕೋಟು ಸರಿಯಾಗಿ ಕೂತಿತು. ತಮ್ಮದರಲ್ಲಿ ಹೊಟ್ಟೆಯ ಹತ್ತಿರ ಅರ್ಧ ಇಂಚು ಹೆಚ್ಚು ಬಂತು, ಹೆಂಡತಿ ಅದನ್ನು ಎತ್ತಿ ಆಡಿದಳು. ಕೊನೆಗೆ ತಂಗಿಯದು. ಕತ್ತರಿಸಿದ ಬಟ್ಟೆಯ ಮೇಲೆ ಅವಳ ಹಳೆಯ ಕೋಟನ್ನು ಹಾಸಿದರು. ಹಳೆಯದು ಎಲ್ಲ ಕಡೆಯೂ ಹೊರಗೆ ಚಾಚಿಕೊಂಡಿತು.

ಅಳೆದು ನೋಡಿದರೆ ಎದೆಯಲ್ಲಿ ಎರಡೂವರೆ ಇಂಚು ಕಡಿಮೆ. ಸೊಂಟದಲ್ಲಿ ನಾಲ್ಕು. ತೋಳು ಕೂಡ ಸಪೂರ. ಕಾಲರ್ ಒಂದು ಮಾತ್ರ ಅರ್ಧ ಇಂಚು ದೊಡ್ಡದು.

"ಮೂರನೇದಲ್ವಾ, ದಣಿವಾಗಿತ್ತು ನಿಂಗೆ" ಎಂದಳು ತಂಗಿ. ಮೂವರೂ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮರುದಿನ ಬೆಳಿಗ್ಗೆ, ನಿದ್ದೆ ಮಾಡಿ ಎದ್ದ ತಿಳಿಗಣ್ಣಿನಲ್ಲಿ, ಮಾಸ್ಟರ್ ಅವಳದೊಂದನ್ನೇ ಮತ್ತೆ ಕತ್ತರಿಸಿದರು. ಮತ್ತೆ ಹಾಸಿದರು. ಅದೇ ಎರಡೂವರೆ, ಅದೇ ನಾಲ್ಕು, ಅದೇ ಅರ್ಧ ಇಂಚು ದೊಡ್ಡ ಕಾಲರ್. ಸಣ್ಣ ಕೋಟಿಗೆ ದೊಡ್ಡ ಕಾಲರ್! ಕಲಿಯಲು ಬಂದು ವಾರವಾದವನೂ ಹೀಗೆ ಕತ್ತರಿಸುವುದಿಲ್ಲ. ಅಂಗಡಿಯಲ್ಲಿ ಯಾರೂ ಅಪ್ಪನ ಹೆಸರೆತ್ತಲಿಲ್ಲ. ಮೂವರಿಗೂ ನೆನಪಾದದ್ದು ಎರಡು ಎಡಗೈ ತೋಳುಗಳು.

"ಬಿಡು ಅಣ್ಣ, ನನ್ನ ಹಳೇದೇ ಇನ್ನೂ ಗಟ್ಟಿಯಾಗಿದೆ" ಎಂದು ತಂಗಿ ಹಳೆಯ ಕೋಟನ್ನೇ ಹಾಕಿಕೊಂಡು ಮಿಷನ್ ಮುಂದೆ ಕೂತಳು. ಕತ್ತರಿಸಿದ ಎರಡು ಕಟ್ಟುಗಳನ್ನು ಹೆಂಡತಿ ಇಸ್ತ್ರಿ ಮೇಜಿನ ಕೆಳಗೆ ತಳ್ಳಿದಳು.

ಅಲ್ಲಿಂದ ಶುರುವಾಯಿತು ನೋಡಿ ಪರದಾಟ. ಮಾಸ್ಟರ್ ತಮ್ಮ ಕೈಯನ್ನು ನಂಬುವುದು ಬಿಟ್ಟರು. ಗಿರಾಕಿಗೆ ಮೂರು ಮೂರು ಸಲ ಟೇಪು ಸುತ್ತಿದರು. ಪುಸ್ತಕ ತೆರೆದಿಟ್ಟುಕೊಂಡು, ಗೆರೆ ಎಳೆದು, ಗೆರೆಯ ಮೇಲೆ ಬೆರಳಾಡಿಸಿ, ಕತ್ತರಿ ಹಚ್ಚಿ, ಮತ್ತೆ ತೆಗೆದು ಅಳೆದರು. ದಿನಕ್ಕೆ ನಾಲ್ಕು ಜೊತೆ ಕತ್ತರಿಸುತ್ತಿದ್ದವರಿಗೆ ಒಂದು ಮುಗಿಯುವುದೇ ಕಷ್ಟವಾಯಿತು. ಒಬ್ಬ ಬಸ್ ಡ್ರೈವರ್ ಕೋಟಿಗೆ ಕೈ ಇನ್ನೊಂದು ಇಂಚು ಬಿಡು ಎನ್ನುತ್ತಿತ್ತು. ಮಾಸ್ಟರ್ ಹಲ್ಲು ಕಚ್ಚಿಕೊಂಡು ಪುಸ್ತಕದಲ್ಲಿದ್ದಷ್ಟೇ ಕತ್ತರಿಸಿದರು. ಡ್ರೈವರ್ ಮೂರೇ ದಿನಕ್ಕೆ ವಾಪಸು ಬಂದ.

"ನಿಂತ್ಕೊಂಡ್ರೆ ಮದುಮಗ ಥರ ಇದೀನಿ ಮಾಸ್ಟರ್. ಸ್ಟೇರಿಂಗ್ ಹಿಡಿದ್ರೆ ಕಂಕುಳು ಹರಿಯುತ್ತೆ. ನಿಂತ್ಕೊಂಡು ಬಸ್ ಓಡಿಸಕ್ಕಾಗುತ್ತಾ?"

ನಲವತ್ತು ವರ್ಷದಲ್ಲಿ ಅವರ ಮೇಜಿಗೆ ಬಟ್ಟೆ ವಾಪಸು ಬಂದದ್ದು ಬೆರಳೆಣಿಕೆಯಷ್ಟು ಸಲ. ಆ ತಿಂಗಳೊಂದರಲ್ಲೇ ಐದು ಬಂದವು. ಮಾಸ್ಟರ್ ಮುಖ ಸಣ್ಣದಾಯಿತು. ಮನೆಯಲ್ಲಿ ಕೀಲಿಕೈ ಎಲ್ಲಿಟ್ಟೆ ಎಂದು ಒಂದು ಕ್ಷಣ ತಡವರಿಸಿದರೂ ಅಪ್ಪನೇ ನೆನಪಾಗುತ್ತಿದ್ದ. ಪರಿಚಯದವರು ಎದುರಾದರೆ ಮನಸ್ಸಿನಲ್ಲೇ ಅವರ ಹೆಸರು ಹೇಳಿಕೊಂಡು ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ತಾವೂ ಅಪ್ಪನ ದಾರಿ ಹಿಡಿದಾಯಿತು, ಮಹಡಿಯ ಆ ಕೋಣೆ ತಮಗಾಗಿ ಕಾದಿದೆ, ತಂಗಿ ಈಗ ಎರಡನೆಯ ಸಲ ಒಬ್ಬರಿಗೆ ಊಟ ತಿನ್ನಿಸಬೇಕು. ಇದನ್ನೇ ಯೋಚಿಸುತ್ತಿದ್ದರು, ಬೆಳಗಿನಿಂದ ಸಂಜೆಯವರೆಗೆ.

ಈ ನಡುವೆ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುವ ಮೇಷ್ಟ್ರೊಬ್ಬರು ಕೋಟು ಹೊಲಿಸಲು ಬಂದರು. ಎಲ್ಲೋ ಭಾಷಣವಂತೆ, ಸುಪ್ತಮನಸ್ಸು ಎಂದರೇನು ಎಂಬ ವಿಷಯವಂತೆ. ಮಾತಿಗೆ ಸಿಕ್ಕವರನ್ನು ಬಿಡುವ ಜನವಲ್ಲ ಅವರು. ಟೇಪು ಮೂರನೆಯ ಸಲ ಎದೆ ಸುತ್ತಿದಾಗ ಕಾರಣ ಕೇಳಿದರು. ಮಾಸ್ಟರ್ ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿಬಿಟ್ಟರು.

"ನೋಡಿ ಮಾಸ್ಟರ್, ಕಣ್ಣು ನೋಡಿದ್ರಲ್ಲಿ ನಮಗೆ ಗೊತ್ತಾಗೋದು ಸ್ವಲ್ಪ. ಉಳಿದಿದ್ದನ್ನೆಲ್ಲ ಒಳಮನಸ್ಸು ತೆಗೆದಿಟ್ಕೊಂಡಿರುತ್ತೆ. ಸಮಯ ಬಂದಾಗ ಕೈಯಿಂದಲೋ ಬಾಯಿಂದಲೋ ಹೊರಗೆ ಹಾಕುತ್ತೆ."

ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು. ನಿಲ್ಲಿಸಲಿಲ್ಲ. ಕಲಿತವರ ಕಷ್ಟವೇ ಅದು, ಅರ್ಧ ತಿಳಿದದ್ದನ್ನು ಪೂರ್ತಿ ಮಾಡದೆ ಅವರಿಗೆ ಸಮಾಧಾನವಿಲ್ಲ.

"ನಿಮ್ಮ ವಿಷಯದಲ್ಲಿ ಸ್ಪಷ್ಟವಾಗಿದೆ. ನಿಮ್ಮ ತಂದೆ ಈ ವಯಸ್ಸಿಗೇ ಕತ್ತರಿ ಕೆಳಗಿಟ್ರು. ನೀವೂ ಇಡಬೇಕು ಅಂತ ನಿಮ್ಮ ಒಳಮನಸ್ಸು ಹೇಳ್ತಿದೆ. ಅದಕ್ಕೇ ತಪ್ಪು ಮಾಡಿಸ್ತಿದೆ."

ಮಾಸ್ಟರ್ ಅಳತೆ ಬರೆಸಿ ಮುಗಿಸಿದರು. ಮೇಷ್ಟ್ರು ಹೋದ ಮೇಲೆ ಕತ್ತರಿಯನ್ನು ಒರೆಸಿ, ಅದರ ಚರ್ಮದ ಚೀಲದಲ್ಲಿ ಹಾಕಿದರು. ಹೆಂಡತಿಯನ್ನು ಕರೆದರು.

"ಒಪ್ಪಿಕೊಂಡಿರೋ ಬಟ್ಟೆ ಇನ್ನೂ ಒಂಬತ್ತಿದೆ. ಅದು ಮುಗಿಸಿ ಕಟಿಂಗ್ ನಿಲ್ಲಿಸ್ತೀನಿ. ಸಿದ್ಧ ಉಡುಪಿನ ಅಂಗಡಿಯವರು ರಿಪೇರಿ ಕೆಲಸ ಕೊಡ್ತಾರಂತೆ. ಪ್ಯಾಂಟು ಗಿಡ್ಡ ಮಾಡೋದು, ಜಿಪ್ ಹಾಕೋದು. ಅದಕ್ಕೆ ಕಣ್ಣು ಬೇಡ."

ಹೆಂಡತಿ ಜಗಳಗಂಟಿ ನಿಜ, ಆದರೆ ಆ ಹೊತ್ತು ಎದುರು ಮಾತಾಡಲಿಲ್ಲ. "ಆಯ್ತು, ನೀವು ಹೇಳಿದ ಹಾಗೆ" ಎಂದಳು. ಗಂಡನಿಗೆ ಅದರಿಂದ ಇನ್ನಷ್ಟು ಹೆದರಿಕೆಯಾಯಿತು. ಕಿಟಕಿಯ ಕೆಳಗೆ ತಂಗಿಯ ಮಿಷನ್ ಸದ್ದು ನಿಂತಿತ್ತು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

ಒಂಬತ್ತರಲ್ಲಿ ಏಳು ಮುಗಿದವು. ಎಂಟನೆಯದರ ದಿನ ಮಧ್ಯಾಹ್ನ ಹೆಂಡತಿ ಇಸ್ತ್ರಿ ಮೇಜಿನ ಕೆಳಗಿನ ಕಟ್ಟುಗಳಲ್ಲಿ ಒಂದನ್ನು ಎಳೆದಳು. ಒಳ್ಳೆಯ ಬಟ್ಟೆ ದೂಳು ತಿನ್ನುತ್ತಾ ಬಿದ್ದಿರುವುದು ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಪಕ್ಕದ ಲಾಂಡ್ರಿಯ ಒಡತಿ ಕಡ್ಡಿಯಂಥ ಹೆಂಗಸು, ಬಹಳ ದಿನದಿಂದ ಇಂಥದೇ ಒಂದು ಕೋಟು ಬೇಕು ಅನ್ನುತ್ತಿದ್ದಳು. ಅವಳಿಗಾದರೂ ಆಗಲಿ ಎಂದು, ನಾದಿನಿ ಊಟ ಮಾಡಿ ಮೇಲೆ ಮಲಗಲು ಹೋದ ಹೊತ್ತಿನಲ್ಲಿ ಅವಳ ಮಿಷನ್ ಮೇಲೆ ಕೂತು ಹೊಲಿದು ಮುಗಿಸಿದಳು. ನಾದಿನಿ ಹಿಂದೆಲ್ಲ ಮಧ್ಯಾಹ್ನ ಮಲಗಿದವಳೇ ಅಲ್ಲ. ಈಚೆಗೆ ದಿನವೂ ಮಲಗುತ್ತಿದ್ದಳು.

ನಾಲ್ಕು ಗಂಟೆಗೆ ಅವಳು ಕೆಳಗಿಳಿದು ಬಂದಾಗ ಅತ್ತಿಗೆ ಕೋಟು ಹಿಡಿದು ನಿಂತಿದ್ದಳು.

"ಇದನ್ನ ಸ್ವಲ್ಪ ಹಾಕ್ಕೊಂಡು ನಿಲ್ಲು. ತೋಳು ಎಲ್ಲಿಗೆ ಮಡಿಸ್ಬೇಕು ಗುರುತು ಮಾಡ್ಕೋತೀನಿ."

"ನಂಗೆ ಹಿಡಿಯಲ್ಲ ಅತ್ತಿಗೆ. ಹೊಲಿಗೆ ಬಿಟ್ರೆ ಆಮೇಲೆ ನನ್ನನ್ನೇ ಬೈತೀರ."

"ಗುಂಡಿ ಹಾಕ್ಬೇಡ. ತೋಳು ತೂರಿಸು ಸಾಕು."

ತಂಗಿ ತೋಳು ತೂರಿಸಿದಳು. ಆಮೇಲೆ, ಇಪ್ಪತ್ತಾರು ವರ್ಷದ ಅಭ್ಯಾಸ, ಬೆರಳುಗಳು ತಾವಾಗಿಯೇ ಮೇಲಿನಿಂದ ಗುಂಡಿ ಹಾಕುತ್ತಾ ಬಂದವು. ಒಂದು, ಎರಡು, ಮೂರು. ಐದೂ ಬಿದ್ದವು. ಅತ್ತಿಗೆಯ ಕೈಯಲ್ಲಿದ್ದ ಸೀಮೆಸುಣ್ಣ ನಿಂತಲ್ಲೇ ನಿಂತಿತು. ಮಾಸ್ಟರ್ ಮೇಜಿನಿಂದ ತಲೆಯೆತ್ತಿದರು.

ಕೋಟು ಅವಳ ಮೈಮೇಲೆ ಅಚ್ಚು ಹಾಕಿದಂತೆ ಕೂತಿತ್ತು. ಭುಜದ ಹೊಲಿಗೆ ಭುಜದ ಮೇಲೆ, ಬೆನ್ನಿನಲ್ಲಿ ಒಂದು ಸುಕ್ಕಿಲ್ಲ, ಸೊಂಟದಲ್ಲಿ ಎಷ್ಟು ಬೇಕೋ ಅಷ್ಟೇ ಸಡಿಲ. ಕಾಲರ್ ಕತ್ತಿನ ಸುತ್ತ ಆರಾಮವಾಗಿತ್ತು. ಹಳೆಯ ಕೋಟಿನ ಕಾಲರ್ ಗುಂಡಿಯನ್ನು ಅವಳು ತಿಂಗಳುಗಳಿಂದ ಹಾಕುತ್ತಲೇ ಇರಲಿಲ್ಲ, ಬಿಗಿಯಾಗುತ್ತದೆ ಎಂದು ಬಿಟ್ಟಿದ್ದಳು.

ಮಾಸ್ಟರ್ ನಕ್ಕುಬಿಟ್ಟರು. ತಿಂಗಳಿಂದ ನಗದ ಮನುಷ್ಯ, ಮೇಜಿಗೆ ಎರಡೂ ಕೈ ಊರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಂಗಿಯೂ ನಕ್ಕಳು. ಕನ್ನಡಿಯ ಮುಂದೆ ಹೋಗಿ, ಹಿಂದೆ ಮುಂದೆ ತಿರುಗಿ, ಅಣ್ಣನನ್ನು ನೋಡಿ ಇನ್ನಷ್ಟು ನಕ್ಕಳು. ಕೈ ತಪ್ಪಿರಲಿಲ್ಲ. ಎರಡು ಸಲವೂ ಸರಿಯಾಗಿಯೇ ಕತ್ತರಿಸಿತ್ತು.

ನಗದೆ ನಿಂತವಳು ಹೆಂಡತಿ ಒಬ್ಬಳೇ. "ರೀ" ಎಂದಳು ಮೆಲ್ಲಗೆ. "ಈ ಕೋಟು ಇವಳಿಗೆ ಹೇಗೆ ಹಿಡೀತು?"

ಮಾಸ್ಟರ್ ಕೊರಳಿನಿಂದ ಟೇಪು ತೆಗೆದರು.

"ಮನೆಯೋರಿಗೆ ಟೇಪು ಹಿಡೀಬಾರ್ದು ಅಣ್ಣ" ಎಂದಳು ತಂಗಿ, ಇನ್ನೂ ನಗುವಿನ ಬಾಲ ಹಿಡಿದುಕೊಂಡೇ.

"ಸುಮ್ನೆ ನಿಂತ್ಕೋ."

ಎದೆ, ಸೊಂಟ, ತೋಳು. ಅಂಕಿ ಒಂದೊಂದಾಗಿ ಕೆಳಗಿಳಿಯಿತು. ಬಟ್ಟೆ ಸಪೂರವಾಗಿ ಬಂದದ್ದು ಕೈಯ ತಪ್ಪಿನಿಂದಲ್ಲ, ಒಳಗಿನ ದೇಹವೇ ಸಪೂರವಾಗಿತ್ತು. ದಿನಕ್ಕೆ ಹತ್ತು ಗಂಟೆ ನಾಲ್ಕು ಅಡಿ ದೂರದಲ್ಲಿ ಕೂತ ತಂಗಿ ಕರಗುತ್ತಾ ಬಂದದ್ದು ಅವರಿಗೆ ಕಂಡಿರಲಿಲ್ಲ. ಕಂಡಿರಲಿಲ್ಲ ಎಂದರೆ ತಪ್ಪಾದೀತು. ಕಣ್ಣು ಕಂಡಿತ್ತು, ದಿನ ದಿನವೂ ಕಂಡಿತ್ತು, ಇವರಿಗೆ ಹೇಳದೆ ಕೈಗೆ ಹೇಳಿತ್ತು. ಒಳಮನಸ್ಸು ಅಂದರೆ ಬಹುಶಃ ಇಷ್ಟೇ. ಅದು ನಮ್ಮ ಪರವಾಗಿ ನೋಡುತ್ತಾ ಇರುತ್ತದೆ, ನಾವು ನಮ್ಮ ಚಿಂತೆಯಲ್ಲೇ ಮುಳುಗಿ ಅದರ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಾಸ್ಟರಂತೂ ಅದು ಎರಡೆರಡು ಸಲ ಬಟ್ಟೆಯಲ್ಲಿ ಕತ್ತರಿಸಿ ತೋರಿಸಿದ್ದನ್ನು ಮಡಿಸಿ ಮೇಜಿನ ಕೆಳಗೆ ತಳ್ಳಿಸಿದ್ದರು.

ಮರುದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಅಣ್ಣ ತಂಗಿ ಬಸ್ಸು ಹತ್ತಿ ಆಸ್ಪತ್ರೆಗೆ ಹೋದರು. ಡಾಕ್ಟರು ನಡುವಯಸ್ಸಿನ ಹೆಂಗಸು, ಆತುರವಿಲ್ಲದವರು. ತಂಗಿಗೆ ಕೈ ಚಾಚಲು ಹೇಳಿ ಬೆರಳು ನಡುಗುವುದನ್ನು ನೋಡಿದರು. ಒಂದು ಲೋಟ ನೀರು ಕೊಟ್ಟು, ನುಂಗುವಾಗ ಕತ್ತನ್ನು ಮುಟ್ಟಿ ನೋಡಿದರು.

"ಇಲ್ಲಿ ಊತ ಇದೆ. ನಿಮಗೆ ಗೊತ್ತಿರಲಿಲ್ವಾ?"

"ಇಲ್ಲ" ಎಂದಳು ತಂಗಿ.

"ಅರ್ಧ ಇಂಚು" ಎಂದರು ಮಾಸ್ಟರ್. ಡಾಕ್ಟರು ತಿರುಗಿ ನೋಡಿದರು. ಮಾಸ್ಟರ್ ಚೀಲದಿಂದ ತಂಗಿಯ ಹಳೆಯದು, ಹೊಸದು ಎರಡೂ ಕೋಟು ತೆಗೆದು, ಪರೀಕ್ಷೆ ಮಾಡುವ ಹಾಸಿಗೆಯ ಮೇಲೆ ಒಂದರ ಮೇಲೊಂದು ಹಾಸಿ, ಕಾಲರಿನಿಂದ ಅಂಚಿನವರೆಗೆ ವಿವರಿಸಿದರು. ಹೊರಗೆ ಸಾಲು ಬೆಳೆಯುತ್ತಿದ್ದರೂ ಡಾಕ್ಟರು ಪೂರ್ತಿ ಕೇಳಿದರು. ಎಲ್ಲ ಕೇಳಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟು ನಾಲ್ಕು ದಿನ ಬಿಟ್ಟು ಬನ್ನಿ ಎಂದರು.

ಆ ನಾಲ್ಕು ದಿನಗಳನ್ನು ಹೇಳಿ ಪ್ರಯೋಜನವಿಲ್ಲ. ಯಾರ ಮನೆಯಲ್ಲಾದರೂ ಅಂಥ ನಾಲ್ಕು ದಿನ ಬಂದು ಹೋಗಿರುತ್ತವೆ. ಅತ್ತಿಗೆ ನಾದಿನಿ ಒಂದು ಜಗಳವನ್ನೂ ಆಡಲಿಲ್ಲ ಎಂದರೆ ಸಾಕು.

ಐದನೆಯ ದಿನ ಡಾಕ್ಟರು ಕಾಗದ ನೋಡಿ, ಕನ್ನಡಕ ತೆಗೆದು, ನೇರವಾಗಿ ಹೇಳಿದರು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಬೇಕಾದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದೆ. ಮೈ ಇಳಿದದ್ದು, ಸುಸ್ತು, ನಡುಕ, ಎದೆ ಡವಗುಟ್ಟುವುದು ಎಲ್ಲ ಅದರಿಂದಲೇ. ಮಾತ್ರೆಯಲ್ಲಿ ಹಿಡಿತಕ್ಕೆ ಬರುತ್ತದೆ, ತಿಂಗಳುಗಳು ಬೇಕು, ಆದರೆ ಬರುತ್ತದೆ.

"ಬೇರೆ ಏನೂ ಇಲ್ವಾ?" ಎಂದು ಮಾಸ್ಟರ್ ಎರಡು ಸಲ ಕೇಳಿದರು.

"ಬೇರೆ ಏನೂ ಇಲ್ಲ. ಇನ್ನೊಂದು ವರ್ಷ ಹೀಗೇ ಬಿಟ್ಟಿದ್ರೆ ಹೃದಯಕ್ಕೆ ತೊಂದರೆ ಆಗ್ತಿತ್ತು. ಸರಿಯಾದ ಹೊತ್ತಿಗೆ ಬಂದಿದ್ದೀರ."

ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಇಬ್ಬರೂ ಹೊರಗೆ ಬಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತರು. ಬಿಸಿಲು ಹಿತವಾಗಿತ್ತು. ಅದೇ ದಾರಿಯಲ್ಲಿ ಬಂದ ಮನಶ್ಶಾಸ್ತ್ರದ ಮೇಷ್ಟ್ರು ಬೆಂಚಿನ ಮುಂದೆ ನಿಂತು, ಸುದ್ದಿ ಕೇಳಿ, "ನಾನು ಅವತ್ತೇ ಹೇಳಿರಲಿಲ್ವಾ, ಒಳಮನಸ್ಸು ಅಂತ" ಎಂದು ತಾವೇ ಗೆದ್ದವರಂತೆ ಹೋದರು. ಮಾಸ್ಟರ್‌ಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ. ಆ ಹೊತ್ತಿನಲ್ಲಿ ಯಾರ ಮೇಲೂ ಸಿಟ್ಟು ಬರುವ ಹಾಗಿರಲಿಲ್ಲ. ಆದರೆ ಇನ್ನೊಂದು ವಿಷಯ ನಾಲ್ಕು ದಿನದಿಂದ ಒಳಗೆ ಕೊರೆಯುತ್ತಿತ್ತು.

"ನಿಂಗೆ ಒಂದು ಹೇಳ್ಬೇಕು" ಎಂದರು. "ಅವತ್ತು ಆ ಕೋಟು ನಿಂಗೆ ಹಿಡಿದಾಗ ನಾನು ನಕ್ಕೆನಲ್ಲ."

"ಹೂಂ."

"ನನ್ನ ಕೈ ಸರಿಯಿದೆ ಅಂತ ನಕ್ಕಿದ್ದು. ನೀನು ಇಷ್ಟು ಇಳಿದಿದ್ದೀಯ ಅನ್ನೋದು ಆಮೇಲೆ ತಲೆಗೆ ಹೋಯ್ತು. ಮೊದ್ಲು ಬಂದಿದ್ದು ನಂದೇ ಖುಷಿ. ನಿಂಗೆ ಏನಾದ್ರೂ ದೊಡ್ಡದಾಗಿದ್ದಿದ್ರೆ, ಆ ನಗುನ ಎಲ್ಲಿ ಇಟ್ಕೊಳ್ಳಲಿ ಅಂತ ನಾಲ್ಕು ದಿನ ನಿದ್ದೆ ಬಂದಿಲ್ಲ ನಂಗೆ."

ತಂಗಿ ಮಾತ್ರೆಯ ಚೀಟಿಯನ್ನು ಮಡಿಸುತ್ತಾ ಕೂತಿದ್ದಳು.

"ನಾನೂ ನಕ್ಕೆನಲ್ಲ, ಅದು ಯಾಕೆ ಅಂತ ಕೇಳಿದ್ಯಾ?"

"ಯಾಕೆ?"

"ಬಟ್ಟೆ ಸಡಿಲ ಆಗ್ತಿರೋದು ನಂಗೆ ಗೊತ್ತಿತ್ತು ಅಣ್ಣ. ನಿನ್ನ ಚಿಂತೆಯಿಂದ ಇಳೀತಿದೀನಿ ಅಂದ್ಕೊಂಡಿದ್ದೆ. ಎಷ್ಟು ಇಳಿದಿದೀನಿ ಅಂತ ಗೊತ್ತಿರ್ಲಿಲ್ಲ, ಅಷ್ಟೆ. ಐದನೇ ಗುಂಡಿ ಬಿದ್ದಾಗ ನಂಗೆ ಹೊಳೀತು, ತಪ್ಪು ನಿನ್ನ ತಲೇಲಿಲ್ಲ, ನನ್ನ ಮೈಯಲ್ಲಿದೆ ಅಂತ. ಎಷ್ಟು ಹಗುರ ಆಯ್ತು ಗೊತ್ತಾ. ಮೈಗೆ ಬಂದಿದ್ದಕ್ಕೆ ಏನಾದ್ರೂ ಮಾತ್ರೆ ಇರುತ್ತೆ. ಅಪ್ಪನಿಗೆ ಬಂದಿದ್ದಕ್ಕೆ ಇರ್ಲಿಲ್ಲ."

ಐವತ್ತೆಂಟು ವರ್ಷದ ಮನುಷ್ಯ, ಹತ್ತು ಜನ ಬಸ್ಸಿಗೆ ಕಾಯುತ್ತಿರುವ ಜಾಗದಲ್ಲಿ, ಎರಡು ಕೋಟುಗಳಿದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತರು. ತಂಗಿ ಸಮಾಧಾನ ಮಾಡಲಿಲ್ಲ, ಇನ್ನಷ್ಟು ಹತ್ತಿರ ಸರಿದು ಕೂತಳು. ಬಂದ ಎರಡು ಬಸ್ಸುಗಳನ್ನು ಇಬ್ಬರೂ ಬಿಟ್ಟರು.